ಮುಟ್ಟಿದ ಮೇಲೆ ಹೇಳಿ

"ಇನ್ನೊಂಚೂರು ಒತ್ತು. ಹಿಮ್ಮಡಿ ಒಳಗೆ ಹೋಗ್ತಿಲ್ಲ."

"ಒತ್ತಿ ಒತ್ತಿ ನನ್ನ ಕೈ ಬಿದ್ದುಹೋಯ್ತು ಅಕ್ಕ. ಬೂಟಿನ ನಾಲಗೆ ಎಳೆದು ಹಿಡಿ, ಮತ್ತೊಂದ್ಸಲ ನೋಡೋಣ."

ಅಪ್ಪನ ಎಡಗಾಲು ಬೂಟಿನೊಳಗೆ ಅರ್ಧ ಹೋಗಿ ನಿಂತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹರಿದ ಡೇರೆಗಳನ್ನು ಹರಡಿ ಹೊಲಿಯಲು ಮಾಡಿಸಿದ್ದ ಉದ್ದನೆಯ ಮೇಜಿನ ಮೇಲೆ ಅವನನ್ನು ಮಲಗಿಸಿದ್ದರು. ಬೆಟ್ಟಕ್ಕೆ ಹೋಗುವವರಿಗೆ ಬೂಟು, ಹಗ್ಗ, ಚೀಲ, ಡೇರೆ ಬಾಡಿಗೆಗೆ ಕೊಡುವುದು ಅವನ ಕಸುಬು. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು ಅವನ ಚಾಳಿ.

"ಬಿಡ್ರೋ ಅತ್ಲಾಗೆ," ಬಾಗಿಲಲ್ಲಿ ನಿಂತ ಅತ್ತೆ ಅಂದಳು. ಅವಳು ಅಪ್ಪನ ತಂಗಿ. "ಬೂಟು ಬಾಡಿಗೆಗೆ ಕೇಳ್ಕೊಂಡು ಬೆಳಗ್ಗೆ ಬಂದೋರನ್ನೆಲ್ಲ ವಾಪಸ್ ಕಳಿಸ್ತಿದ್ದ. ಸಂಜೆ ಬನ್ನಿ, ಕಾಲು ಊದಿರುತ್ತೆ, ಆಗ ಅಳತೆ ನೋಡೋಣ ಅಂತ. ಈಗ ನೋಡಿ, ಅವನ ಕಾಲೇ ಊದಿಕೊಂಡಿದೆ."

ತಮ್ಮ ನಕ್ಕುಬಿಟ್ಟ. ನಕ್ಕದ್ದಕ್ಕೆ ತಾನೇ ನಾಚಿ, "ಬರಿಗಾಲಲ್ಲಿ ಕಳಿಸೋದಾ ಅಪ್ಪನ್ನ?" ಎಂದ.

"ಅವನು ಹೋಗೋ ದಾರೀಲಿ ಕಲ್ಲೂ ಇಲ್ಲ, ಮುಳ್ಳೂ ಇಲ್ಲ ಕಣೋ. ಕಾಲುಚೀಲ ಹಾಕಿ, ಸಾಕು."

ಮಗಳು ಮೊದಲು ತೆಳ್ಳನೆಯದನ್ನು, ಅದರ ಮೇಲೆ ಉಣ್ಣೆಯದನ್ನು ಹಾಕಿದಳು. ಆಮೇಲೆ ಹೆಬ್ಬೆರಳಿನಿಂದ ಸುಕ್ಕು ಬಿಡಿಸತೊಡಗಿದಳು. ಬೊಬ್ಬೆ ಹುಟ್ಟೋದು ಬೂಟಲ್ಲಲ್ಲ, ಕಾಲುಚೀಲದ ಸುಕ್ಕಲ್ಲಿ ಎಂದು ಅಪ್ಪ ಹೇಳುತ್ತಿದ್ದ. ಎರಡನೇ ಕಾಲಿನ ಸುಕ್ಕು ಬಿಡಿಸುವಾಗಷ್ಟೇ, ಇನ್ನು ಈ ಕಾಲಿಗೆ ಬೊಬ್ಬೆ ಬರುವುದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಆದರೂ ಕೈ ನಿಲ್ಲಲಿಲ್ಲ.

ತಮ್ಮ ಕಿಟಕಿಗೆ ಹೋದ, ಬಂದ, ಮತ್ತೆ ಹೋದ. ನೆಟ್ಟಗೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವನ ನೋಟ ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ತಿಳಿಯಿತು. ಬೀದಿಯ ಕೊನೆಯಲ್ಲಿ, ಮನೆಗಳ ಮಾಡಿನ ಮೇಲೆ, ಬೆಟ್ಟದ ತುದಿಯನ್ನು ಬಿಳಿ ಮೋಡವೊಂದು ಕವುಚಿಕೊಂಡಿತ್ತು.

"ಟೋಪಿ ಹಾಕಿದೆ," ಅಂದಳು.

"ಯಾವುದು?"

"ಬೆಟ್ಟ. ಬೆಟ್ಟ ಟೋಪಿ ಹಾಕ್ಕೊಂಡ ದಿನ ನಮಗೂ ಟೋಪಿ ಹಾಕುತ್ತೆ ಅಂತ ಯಾರು ಹೇಳ್ತಿದ್ರು?"

ತಮ್ಮ ಕಿಟಕಿಯಿಂದ ಈಚೆ ಬಂದ. ಕಾಲಿಗಾಗದ ಬೂಟುಗಳನ್ನು ಎತ್ತಿಕೊಂಡು ಹೊರಟುಹೋದ.

ಅಂಗಡಿಯ ಮುಂಭಾಗದಲ್ಲಿ ಜನ ಸೇರಿದ್ದರು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಒಂದು ಹಲಗೆ, ಹಲಗೆಯ ತುಂಬ ಕೊಕ್ಕೆಗಳು, ಕೊಕ್ಕೆಗೊಂದು ತಗಡಿನ ಬಿಲ್ಲೆ. ಬೆಟ್ಟಕ್ಕೆ ಹೊರಟವರು ತಲೆಗೊಂದು ಬಿಲ್ಲೆ ಒಯ್ಯಬೇಕು, ಇಳಿದು ಬಂದು ಅದೇ ಕೊಕ್ಕೆಗೆ ತೂಗುಹಾಕಬೇಕು. ಒಂದು ಕೊಕ್ಕೆ ಖಾಲಿಯಿದ್ದರೂ ಅಪ್ಪ ಬಾಗಿಲು ಹಾಕುತ್ತಿರಲಿಲ್ಲ. ಕೊನೆಯ ಬಿಲ್ಲೆ ಬಂದು ಕೊಕ್ಕೆಯಲ್ಲಿ ಅಲ್ಲಾಡುವಾಗ ಅದರ ಮೇಲೆ ಒಂದು ಬೆರಳಿಟ್ಟು ನಿಲ್ಲಿಸಿ, ಆಮೇಲೆ ದೀಪ ಆರಿಸುತ್ತಿದ್ದ. ಅದಕ್ಕೇ ಅವನನ್ನು ಎಲ್ಲರೂ ಬಿಲ್ಲೆಯಣ್ಣ ಎನ್ನುತ್ತಿದ್ದರು.

ಇವತ್ತು ವ್ಯಾಪಾರ ಇರಲಿಲ್ಲ. ಆದರೂ ಕೆಳಗಿನ ಸಾಲಿನಲ್ಲಿ ನಾಲ್ಕು ಕೊಕ್ಕೆ ಖಾಲಿ.

"ನಿಮ್ಮ ತಮ್ಮ ಹೇಳಿದ," ಪಕ್ಕದ ಔಷಧಿ ಅಂಗಡಿಯಾಕೆ ಅವಳ ಕೈ ಹಿಡಿದಳು. "ಮಣ್ಣಾದ ಕೂಡ್ಲೇ ಸ್ನೇಹಿತರ ಜೊತೆ ಹೊರಡ್ತಾರಂತೆ. ಬಿಲ್ಲೆಯಣ್ಣನ ಕೋಲನ್ನ ಬೆಟ್ಟದ ತುದೀಲಿ ನೆಟ್ಟು ಬರ್ತಾರಂತೆ. ಕೇಳಿ ಕರುಳು ಚುರ್ ಅಂತು. ಅಪ್ಪ ಮುಟ್ಟಿದ ಜಾಗ ಮಗ ಮುಟ್ಟೋದು, ಎಷ್ಟು ಜನಕ್ಕೆ ಸಿಗುತ್ತೆ ಆ ಪುಣ್ಯ?"

ಅವಳು ಗೋಡೆಯ ಮೇಲಿನ ಫೋಟೊ ನೋಡಿದಳು. ಕೋಲೂರಿ ನಿಂತ ಅಪ್ಪ, ಹಿಂದೆ ಬರೀ ಮೋಡ. ಊರಿಗೆಲ್ಲ ಅದು ತುದಿಯ ಮೇಲಿನ ಫೋಟೊ.

*

ಆ ಫೋಟೊ ತೆಗೆದವಳು ಅವಳೇ. ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ತಮ್ಮ ತೊಟ್ಟಿಲಲ್ಲಿದ್ದ.

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಅಪ್ಪ ಅವಳ ಚೀಲವನ್ನು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟಿಸಿದ್ದ. ಭಾರದ್ದು ಬೆನ್ನಿಗೆ ಹತ್ತಿರ, ಮೊದಲು ಬೇಕಾಗುವುದು ಕೊನೆಗೆ. ಚೀಲ ಹೆಗಲ ಮೇಲೆ ಕೂತರೆ ದೆವ್ವ, ಸೊಂಟದ ಮೇಲೆ ಕೂತರೆ ಕೂಸು. ಬೆವರು ಬರೋಕೆ ಮುಂಚೆ ಅಂಗಿ ಕಳಚು, ಚಳಿ ಹತ್ತೋಕೆ ಮುಂಚೆ ಹಾಕ್ಕೋ. ಅವಳಿಗೆ ಇದೆಲ್ಲ ಕೇಳಿ ಕೇಳಿ ಕಿವಿ ತೂತಾಗಿತ್ತು. ಅವಳಿಗೆ ಬೇಕಿದ್ದದ್ದು ತುದಿ.

ಮರುದಿನ ಹತ್ತಿ ಹೋದಾಗ ತುದಿ ಎದುರಿಗೇ ಇತ್ತು. ಕಲ್ಲೆಸೆದರೆ ಬೀಳುವಷ್ಟು ದೂರ. ಅಷ್ಟರಲ್ಲಿ ಗಾಳಿ ಮಗ್ಗುಲು ಬದಲಿಸಿತು. ಕಣಿವೆಯಿಂದ ಮೋಡ ಮೇಲೆ ಹತ್ತತೊಡಗಿತು, ಹಾಲು ಉಕ್ಕುವ ಹಾಗೆ. ಅಪ್ಪ ಒಂದು ಬಂಡೆಯ ಮೇಲೆ ಕೂತ. ಬೂಟಿನ ದಾರ ಬಿಚ್ಚಿ, ಇಳಿಯುವಾಗ ಬೆರಳು ಮುಂದೆ ತಾಗದಿರಲೆಂದು ಬಿಗಿಯಾಗಿ ಕಟ್ಟಿದ. ಅವಳಿಗೆ ಅರ್ಥವಾಯಿತು.

"ಅಲ್ಲೇ ಇದೆಯಲ್ಲಪ್ಪಾ!"

"ಅಲ್ಲೇ ಇರುತ್ತೆ ಮಗಳೇ. ಅದೇನು ಓಡಿಹೋಗುತ್ತಾ? ಒಂದು ಫೋಟೊ ತೆಗಿ, ಹೊರಡೋಣ."

ಇಳಿಯುವಾಗ ಅವಳು ಅವನ ಜೊತೆ ಮಾತಾಡಲಿಲ್ಲ. ದಾರಿಯಲ್ಲಿದ್ದ ಕಲ್ಲಿನ ಗುಡಿಸಲು ದಾಟುವಷ್ಟರಲ್ಲಿ ಹಿಂದೆ ಬೆಟ್ಟವೇ ಇರಲಿಲ್ಲ. ಬೆಟ್ಟವಿದ್ದ ಜಾಗದಲ್ಲಿ ಬೂದಿ ಬಣ್ಣದ ಗೋಡೆ, ಅದರೊಳಗೆ ಆಲಿಕಲ್ಲಿನ ಸದ್ದು.

ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಯಾರೋ ಕೂಗಿ ಕೇಳಿದರು, "ಮುಟ್ಟಿದ್ರಾ?"

"ಮುಟ್ಟಿದ್ವಿ, ಈಗಷ್ಟೇ," ಎಂದ ಅಪ್ಪ, ಬಿಲ್ಲೆಗಳನ್ನು ಕೊಕ್ಕೆಗೆ ಹಾಕುತ್ತ.

ಅವನು ಹೇಳಿದ್ದು ಮನೆಯನ್ನು. ಅವನಿಗೆ ಮುಟ್ಟುವುದೆಂದರೆ ಅದೊಂದೇ. ಹೊರಟವರಿಗೆಲ್ಲ ಅವನು ಹೇಳುತ್ತಿದ್ದ ಕಡೆಯ ಮಾತೂ ಅದೇ: "ಮುಟ್ಟಿದ ಮೇಲೆ ಹೇಳಿ." ಆದರೆ ಆ ಸಂಜೆ ಜನ ಹೋ ಎಂದು ಅವನನ್ನು ಎತ್ತಿಕೊಂಡುಬಿಟ್ಟರು. ಅಪ್ಪ ಜನರ ತಲೆಗಳ ಮೇಲಿಂದ ಅವಳತ್ತ ನೋಡಿದ. ತಿದ್ದುತ್ತಾನೆ ಎಂದು ಅವಳು ಕಾದಳು. ಆ ರಾತ್ರಿ ತಿದ್ದಲಿಲ್ಲ, ಮರುದಿನವೂ ಇಲ್ಲ. ಆಮೇಲೆ ತಿದ್ದುವ ಕಾಲ ದಾಟಿಹೋಯಿತು. ಫೋಟೊ ಗೋಡೆ ಹತ್ತಿತು. ಅಪ್ಪ ಮತ್ತೆ ಅತ್ತ ಹತ್ತಲಿಲ್ಲ. ಇಬ್ಬರೂ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ತುದಿ ಮುಟ್ಟದವನ ಬುದ್ಧಿಮಾತು ಯಾರು ಕೇಳುತ್ತಾರೆ ಎಂದು ಹೆದರಿದನೋ, ಇಲ್ಲ, ಕೇಳುವ ಜನ ಹೇಗಾದರೂ ಕೇಳಲಿ, ಬದುಕಿ ಬರಲಿ ಎಂದುಕೊಂಡನೋ, ಅವಳಿಗೆ ಇವತ್ತಿಗೂ ತಿಳಿಯದು.

*

ಸ್ಮಶಾನ ಊರಿನ ಹೊರಗೆ, ಇಳಿಜಾರಿನಲ್ಲಿತ್ತು. ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದವರೆಲ್ಲ ಅಪ್ಪನ ಹತ್ತಿರ ಹಗ್ಗ ಹಿಡಿಯಲು ಕಲಿತವರೇ. ಎಳೆ, ಬಿಡು ಎಂದು ಯಾರೂ ಹೇಳಬೇಕಾಗಲಿಲ್ಲ. ಪೆಟ್ಟಿಗೆ ಒಂದು ಕಡೆಗೂ ವಾಲದೆ ತಳ ಸೇರಿತು.

ಔಷಧಿ ಅಂಗಡಿಯಾಕೆ ನಾಲ್ಕು ಮಾತಾಡಿದಳು. ಬಿಲ್ಲೆಯಣ್ಣ ಮುಟ್ಟಿದ ಎತ್ತರ ಎಂದಳು, ಮತ್ತೆ ಮತ್ತೆ ಎತ್ತರ ಎಂದಳು. ಮಗಳು ಮಾತು ಕೇಳದೆ ಮೋಡವನ್ನು ನೋಡುತ್ತಿದ್ದಳು. ಬೆಟ್ಟದ ಟೋಪಿ ಈಗ ಹುಬ್ಬಿನವರೆಗೆ ಇಳಿದಿತ್ತು.

ಹಿಡಿಮಣ್ಣು ಹಾಕಿ ತಿರುಗುವಷ್ಟರಲ್ಲಿ ತಮ್ಮ ಗೇಟಿನ ಹತ್ತಿರ ಚೀಲದ ಪಟ್ಟಿ ಬಿಗಿಯುತ್ತಿದ್ದ. ಅಪ್ಪನ ಕೋಲು ಚೀಲದ ಪಕ್ಕಕ್ಕೆ ಕಟ್ಟಿತ್ತು. ಮೂವರು ಸ್ನೇಹಿತರು ಆಗಲೇ ರಸ್ತೆಗಿಳಿದಿದ್ದರು. ಅವಳ ಕಣ್ಣು ತಮ್ಮನ ಕಾಲಿಗೆ ಹೋಯಿತು.

"ಅಪ್ಪನ ಬೂಟು ಹಾಕ್ಕೊಂಡಿದೀಯ."

"ನನ್ನದೂ ಅದೇ ಅಳತೆ."

"ಅಳತೆ ನಿನ್ನದು, ಚರ್ಮ ಒಗ್ಗಿರೋದು ಅಪ್ಪನ ಕಾಲಿಗೆ. ಇನ್ನೊಬ್ಬರ ಹಾಸಿಗೇಲಿ ಮಲಗು, ಇನ್ನೊಬ್ಬರ ಬೂಟಲ್ಲಿ ಬೆಟ್ಟ ಹತ್ತಬೇಡ ಅಂತ..."

"ಗೊತ್ತಕ್ಕ, ಗೊತ್ತು! ಅವನು ಹೇಳಿದ್ದೆಲ್ಲ ನನಗೂ ಬಾಯಿಪಾಠ." ಅವನ ದನಿ ಒಡೆಯಿತು. "ಮನೇಲಿ ಕೂತು ಟೀ ಕುಡೀತಾ ಅವರಿವರ ಸಮಾಧಾನ ಕೇಳೋಕೆ ನನ್ನ ಕೈಲಾಗಲ್ಲ. ಕಾಲು ನಿಲ್ತಿಲ್ಲ. ಅಪ್ಪ ಎಲ್ಲಿ ನಿಂತಿದ್ನೋ ಅಲ್ಲಿ ಒಂದ್ಸಲ ನಿಂತು ಬರ್ತೀನಿ, ಅಷ್ಟೇ."

"ಇವತ್ತು ಬೇಡ. ಮೋಡ ನೋಡು."

"ಅಪ್ಪ ಹೋದಾಗ್ಲೂ ಮೋಡ ಇತ್ತು. ಫೋಟೊದಲ್ಲೇ ಇದೆ. ಅವನು ಮುಟ್ಟಲಿಲ್ವಾ?"

ಅವಳು ಹಿಂದೆ ನೋಡಿದಳು. ಜನ ದೂರದಲ್ಲಿದ್ದರು. ಗುಂಡಿಗೆ ಮಣ್ಣು ಬೀಳುವ ಸದ್ದು ಇನ್ನೂ ಕೇಳುತ್ತಿತ್ತು.

"ಮುಟ್ಟಲಿಲ್ಲ," ಅಂದಳು.

"ಏನು?"

"ಅಪ್ಪ ತುದಿ ಮುಟ್ಟಿಲ್ಲ. ನಾನು ಜೊತೇಲಿದ್ದೆ. ಅದು ತುದಿ ಅಲ್ಲ, ಕೆಳಗಿನ ಬಂಡೆ. ಮೋಡ ಬಂತು, ಬೂಟಿನ ದಾರ ಬಿಗಿದ, ಇಳಿದುಬಂದ್ವಿ. ಮುಟ್ಟಿದ್ರಾ ಅಂತ ಜನ ಕೇಳಿದ್ರು. ಮನೆ ಮುಟ್ಟಿದ್ವಿ ಅಂತ ಅವನು ಹೇಳಿದ್ದು."

ತಮ್ಮ ಅವಳನ್ನೇ ದಿಟ್ಟಿಸಿದ. ಅವನ ಕೈ ಪಟ್ಟಿಯನ್ನು ಸಡಿಲಿಸಿತು, ಬಿಗಿಯಿತು, ಮತ್ತೆ ಸಡಿಲಿಸಿತು.

"ಮಣ್ಣು ಇನ್ನೂ ಒಣಗಿಲ್ಲ ಅಕ್ಕ. ಇವತ್ತೇ ಅವನನ್ನ ಸುಳ್ಳುಗಾರ ಮಾಡ್ಬೇಕಿತ್ತಾ?"

"ಸುಳ್ಳುಗಾರ ಅಂದೆನಾ ನಾನು? ವಾಪಸ್ ಬಂದೋನು ಅಂದೆ."

"ನನ್ನ ತಡೆಯೋಕೆ ನೀನು ಏನು ಬೇಕಾದ್ರೂ ಹೇಳ್ತೀಯ."

"ಹೇಳ್ತೀನಿ. ಆದ್ರೆ ಇದು ನಿಜ."

"ಏ, ಬಾರೋ!" ರಸ್ತೆಯಿಂದ ಸ್ನೇಹಿತರು ಕೂಗಿದರು.

ಅವನು ಹೊರಟ. ತಿರುಗಿ ನೋಡಲಿಲ್ಲ. ಮುಟ್ಟಿದ ಮೇಲೆ ಹೇಳು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದು ನಿಂತಿತು. ಆ ಮಾತಿಗೆ ಈಗ ಯಾವ ಅರ್ಥ ಹಿಡಿಯುತ್ತಾನೋ ಎಂದು ನುಂಗಿಕೊಂಡಳು.

*

ಮಧ್ಯಾಹ್ನ ಕಳೆದಂತೆ ಜನ ಕರಗಿದರು. ಅತ್ತೆ ಲೋಟಗಳನ್ನು ತೊಳೆದಿಟ್ಟು, "ಬಾಗಿಲು ಹಾಕ್ಬಿಡೇ, ಗಾಳಿ ಒಳಗೆ ನುಗ್ತಿದೆ," ಎಂದಳು.

"ನಾಲ್ಕು ಬಾಕಿ ಇದೆ ಅತ್ತೆ."

ಅತ್ತೆ ಹಲಗೆ ನೋಡಿದಳು. ಕುರ್ಚಿ ಎಳೆದು ಕೂತಳು.

ಮಗಳಿಗೆ ಕೂರಲಾಗಲಿಲ್ಲ. ಮಡಚಿಟ್ಟ ಡೇರೆ ಬಿಚ್ಚಿದಳು, ಮಡಚಿದಳು. ಹಗ್ಗದ ಸುರುಳಿಯನ್ನು ಬೆರಳಿನ ನಡುವೆ ಹಾಯಿಸುತ್ತ ಎಲ್ಲಾದರೂ ಸವೆದಿದೆಯೇ ಎಂದು ಹುಡುಕಿದಳು. ಹಗ್ಗ ಸರಿಯಿತ್ತು. ಇನ್ನೊಂದನ್ನು ತೆಗೆದಳು. ಹೇಳಬಾರದಿತ್ತೇನೋ. ಅಪ್ಪ ಮುಟ್ಟಲಿಲ್ಲ ಎಂದಮೇಲೆ, ನಾನಾದರೂ ಮುಟ್ಟಿ ತೋರಿಸುತ್ತೇನೆ ಎಂಬ ಹಟ ಹುಟ್ಟುವ ಜಾತಿ ಅವನದು. ಬೆಂಕಿ ಆರಿಸಲು ಹೋಗಿ ಎಣ್ಣೆ ಸುರಿದೆನೇ? ಬಾಗಿಲಿಗೆ ಹೋಗಿ ನಿಂತಳು. ಬೀದಿಯ ಕೊನೆಯಲ್ಲಿ ಬೆಟ್ಟ ಇರಲಿಲ್ಲ. ಅದೇ ಬೂದಿ ಗೋಡೆ. ಸ್ವಲ್ಪ ಹೊತ್ತಿನಲ್ಲೇ ಮಾಡಿನ ತಗಡಿನ ಮೇಲೆ ಟಪಟಪ ಎಂದು ಆಲಿಕಲ್ಲು ಬೀಳತೊಡಗಿತು.

"ಅವನಿಗೂ ಹೀಗೇ ಆಗ್ತಿತ್ತು," ಅತ್ತೆ ಅಂದಳು. "ಅಣ್ಣನಿಗೆ. ಬಿಲ್ಲೆ ಬಾಕಿ ಇದ್ರೆ ಬೆಕ್ಕಿನ ಹಾಗೆ ಒಳಗೆ ಹೊರಗೆ. ನಿಮ್ಮಮ್ಮ ಬದುಕಿದ್ದಾಗ ಬೈದು ಬೈದು ಸುಸ್ತಾಗೋಳು. ಅನ್ನ ಆರಿಹೋಗ್ತಿತ್ತು."

ಬೀದಿದೀಪ ಹತ್ತುವ ಹೊತ್ತಿಗೆ ಮೆಟ್ಟಿಲ ಮೇಲೆ ಕೆಸರು ಕಾಲುಗಳ ಸದ್ದಾಯಿತು. ಮೊದಲು ಸ್ನೇಹಿತರು ಬಂದರು, ತೊಯ್ದು ತೊಪ್ಪೆಯಾಗಿ. ಮೂರು ಬಿಲ್ಲೆಗಳು ಟಿಣ್ ಟಿಣ್ ಎಂದು ಕೊಕ್ಕೆ ಸೇರಿದವು. ಅವರ ಹಿಂದೆ, ಅಪ್ಪನ ಕೋಲೂರಿಕೊಂಡು, ಎಡಗಾಲನ್ನು ಎಳೆಯುತ್ತ ತಮ್ಮ.

"ಮುಟ್ಟಿದ್ಯೇನೋ?" ಅತ್ತೆ ಕೇಳಿದಳು.

ಅವನು ಅಕ್ಕನ ಕಡೆ ನೋಡಿದ. "ಮುಟ್ಟಿದೆ ಅತ್ತೆ. ಈಗಷ್ಟೇ."

ಬಿಲ್ಲೆಯನ್ನು ಕೊಕ್ಕೆಗೆ ಹಾಕಿ ಬೆಂಚಿನ ಮೇಲೆ ಕುಸಿದ.

"ಬೂಟು ಕಚ್ಚಿಬಿಡ್ತು ಇವನಿಗೆ," ಒಬ್ಬ ಸ್ನೇಹಿತ ತಲೆ ಒರೆಸಿಕೊಳ್ಳುತ್ತ ಅಂದ. "ಕಲ್ಲಿನ ಗುಡಿಸಲಿಗೆ ಇನ್ನೇನು ಸ್ವಲ್ಪ ದೂರ, ಆಗ ಇವನು ಕೂತುಬಿಟ್ಟ. ಒಂದು ಹೆಜ್ಜೆ ಇಡಲ್ಲ ಅಂದ. ಬಿಟ್ಟು ಹೋಗೋಕಾಗುತ್ತಾ? ಬೈಕೊಂಡು ಇಳಿದ್ವಿ. ಇಳಿದು ಅರ್ಧ ದಾರಿ ಆಗಿರಲಿಲ್ಲ, ಶುರುವಾಯ್ತು ನೋಡಿ ಅಕ್ಕ... ಮೇಲಿದ್ದಿದ್ರೆ..."

"ಬಿಲ್ಲೆಯಣ್ಣನ ಬೂಟು ಕಾಪಾಡ್ತು ಅನ್ನಿ," ಇನ್ನೊಬ್ಬ ಅಂದ. ಫೋಟೊ ಕಡೆ ನೋಡಿ ಕೈಯೆತ್ತಿದ. "ತಾನು ಮುಟ್ಟಿ ಬಂದ, ನಮ್ಮನ್ನ ಬಿಡಲಿಲ್ಲ."

ತಮ್ಮ ತಲೆ ತಗ್ಗಿಸಿ ಕೂತಿದ್ದ. ಅವನು ಏನನ್ನೂ ತಿದ್ದಲಿಲ್ಲ.

ಅವಳು ಖಾನೆಯಿಂದ ಗಾಯದ ಪಟ್ಟಿ ತೆಗೆದು, ಅವನ ಮುಂದೆ ಮಂಡಿಯೂರಿ ಕೂತಳು. ಅವನು ಕಾಲು ಹಿಂದಕ್ಕೆಳೆದುಕೊಳ್ಳಲು ನೋಡಿದ.

"ಕೊಡು," ಅಂದಳು.

ಒದ್ದೆ ದಾರ ಬಿಚ್ಚಿದಳು. ಬೂಟು ಕಳಚಿ, ಕಾಲುಚೀಲ ಸುತ್ತಿ ತೆಗೆದಳು. ಹಿಮ್ಮಡಿ ನೀರಿಗೆ ಬೆಳ್ಳಗಾಗಿತ್ತು. ಕೆಂಪಿಲ್ಲ, ಬೊಬ್ಬೆಯಿಲ್ಲ, ತರಚಿದ ಗುರುತೂ ಇಲ್ಲ.

ತಲೆಯೆತ್ತಿದಳು. ತಮ್ಮ ಅವಳನ್ನೇ ನೋಡುತ್ತಿದ್ದ.

"ತುಂಬ ಆಗಿದೆಯಾ?" ಸ್ನೇಹಿತ ಹಿಂದಿನಿಂದ ಕೇಳಿದ.

"ಆಗಿದೆ," ಅವಳು ಅಂದಳು, ಮೈಯನ್ನು ಅಡ್ಡ ಮಾಡಿ.

ಹಿಮ್ಮಡಿ ಒರೆಸಿ ಪಟ್ಟಿ ಅಂಟಿಸಿದಳು. ಅಂಚಿನಲ್ಲಿ ಒಂದು ಸುಕ್ಕು ಉಳಿದಿತ್ತು. ಹೆಬ್ಬೆರಳಿನಿಂದ ಅದನ್ನು ಮೆಲ್ಲನೆ ಬಿಡಿಸತೊಡಗಿದಳು. ಗೋಡೆಯ ಮೇಲೆ, ಬೆರಳಿಟ್ಟು ನಿಲ್ಲಿಸುವವರಿಲ್ಲದೆ, ಕೊನೆಯ ಬಿಲ್ಲೆ ಇನ್ನೂ ಅಲ್ಲಾಡುತ್ತಿತ್ತು.