ದರ್ಜಿ ಎರಡನೇ ಸಲ ತಲೆ ಕೊಟ್ಟದ್ದು

ದರ್ಜಿಯ ಕೈ ನಡುಗಲು ಶುರುವಾಗಿ ಒಂಬತ್ತು ವರ್ಷವಾಗಿತ್ತು. ಮೊದಲು ಸೂಜಿಗೆ ದಾರ ಪೋಣಿಸುವುದು ತಪ್ಪಿತು, ಆಮೇಲೆ ಕತ್ತರಿ ಹಿಡಿತಕ್ಕೆ ಸಿಗದಾಯಿತು. ಹೊಲಿಗೆ ಯಂತ್ರಕ್ಕೆ ಹೆಂಡತಿ ಕುಳಿತಳು. ಬೆಳಿಗ್ಗೆ ಎದ್ದರೆ ಅವನ ಸ್ನಾನ, ಮಾತ್ರೆ, ತುತ್ತು. ಆಮೇಲೆ ಸಂಜೆಯವರೆಗೂ ಊರವರ ಪ್ಯಾಂಟುಗಳು. ಅವಳಿಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಯ ವೈದ್ಯೆ ಒಂದು ಪ್ರಯೋಗದ ವಿಷಯ ಹೇಳಿದ್ದರು. ಮೆದುಳಿನಲ್ಲಿ ಸತ್ತ ನರಕೋಶಗಳ ಜಾಗಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿದ ಹೊಸ ಕೋಶಗಳನ್ನು ಹಾಕುವುದು. ಆದರೆ ಅರ್ಧ ಜನಕ್ಕೆ ಮಾತ್ರ. ಹೋಲಿಸಿ ನೋಡಲೆಂದು ಉಳಿದವರಿಗೆ ತಲೆಬುರುಡೆ ಒಂದಿಷ್ಟು ಕೊರೆದು, ಏನೂ ಹಾಕದೆ ಹೊಲಿದುಬಿಡುತ್ತಾರೆ. ಯಾರಿಗೆ ಯಾವುದೆಂದು ಎರಡು ವರ್ಷ ಹೇಳುವುದಿಲ್ಲ. ಗಂಡಹೆಂಡಿರು ಎಲ್ಲ ಕೇಳಿಸಿಕೊಂಡೇ ಸಹಿ ಹಾಕಿದ್ದರು.

ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ದರ್ಜಿ ತಾನೇ ಚಮಚ ಹಿಡಿದು ಉಂಡ. "ನೋಡಿದ್ಯಾ, ಕೋಶಗಳು ಬೇರು ಬಿಟ್ಟಿವೆ!" ಅಂದ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು. ವರ್ಷ ತುಂಬುವಷ್ಟರಲ್ಲಿ ಚಮಚ ಮತ್ತೆ ಅವಳ ಕೈಗೇ ಬಂತು.

ಎರಡು ವರ್ಷ ಮುಗಿದ ಮೇಲೆ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡು, "ನಿಮಗೆ ಕೋಶ ಹಾಕಿರಲಿಲ್ಲ" ಅಂದರು.

ದರ್ಜಿ ತಲೆಯ ಹಳೇ ಹೊಲಿಗೆಯ ಗುರುತು ಸವರಿಕೊಂಡ. "ಅಂದ್ರೆ ಒಳಗೆ ಲೈನಿಂಗ್ ಇಲ್ದೆ ಕೋಟು ಹೊಲಿದ್ರಿ ಅನ್ನಿ."

ಯಾರೂ ನಗಲಿಲ್ಲ.

"ಹಾಗಾದ್ರೆ ಅವರು ತಾವೇ ಊಟ ಮಾಡ್ತಿದ್ರಲ್ಲ, ಅದು?" ಅವಳು ಕೇಳಿದಳು.

"ಅದೂ ನಿಜಾನೇ ಅಮ್ಮ. ಗುಣ ಆಗುತ್ತೆ ಅಂತ ನಂಬಿದ್ರೆ ಮೆದುಳು ಸ್ವಲ್ಪ ದಿನ ಮಾತು ಕೇಳುತ್ತೆ. ನೀವು ಒಪ್ಪಿದ್ರೆ ಈಗ ಕೋಶಾನೇ ಹಾಕ್ತೀವಿ."

ಬಸ್ಸಿನಲ್ಲಿ ಅವನು, "ಹಾಕಿಸ್ಕೊಳ್ತೀನಿ ಕಣೇ" ಅಂದ.

"ಹಾಕಿಸ್ಕೊಳ್ಳಿ. ಈ ಸಲ ನಾನು ಬರಲ್ಲ."

"ಕೋಪಾನಾ?"

"ಕೋಪ ಮಾಡ್ಕೊಳ್ಳೋಕೂ ತ್ರಾಣ ಬೇಕು ರೀ. ನನಗೆ ಸಾಕಾಗಿದೆ. ನಿಮ್ಮ ತಂಗೀನ ಕರ್ಕೊಂಡು ಹೋಗಿ."

ಬಸ್ಸು ಎರಡು ನಿಲ್ದಾಣ ದಾಟಿತು. ಆಮೇಲೆ, "ಆಯ್ತು. ನೀನು ನಿದ್ದೆ ಮಾಡು" ಅಂದ.

ನಾದಿನಿ ಬಂದವಳೇ, "ಇಂಥ ಹೊತ್ತಲ್ಲಿ ಕೈ ಬಿಟ್ರಾ ಅತ್ತಿಗೆ?" ಎಂದು ಚುಚ್ಚಿದಳು. ಆದರೂ ಅಣ್ಣನನ್ನು ಕರೆದೊಯ್ದಳು. ಹೆಂಡತಿ ಅಂಗಡಿ ಮುಚ್ಚಿ, ಹಾಸಿಗೆಗೆ ಬಿದ್ದವಳು ಸಂಜೆಯವರೆಗೂ ಏಳಲಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ಮನಸ್ಸು ತಡೆಯದೆ ಆಸ್ಪತ್ರೆಗೆ ಹೋದಳು. ತಲೆಗೆ ಪಟ್ಟಿ ಕಟ್ಟಿಸಿಕೊಂಡ ಗಂಡ ನಿದ್ದೆಯಲ್ಲಿದ್ದ. ಪಕ್ಕದ ಕುರ್ಚಿಯಲ್ಲಿ ನಾದಿನಿ ಕಣ್ಣು ಗುಳಿಬಿದ್ದು ಕುಳಿತಿದ್ದಳು.

"ಮೂರೇ ದಿನಕ್ಕೆ ಸೊಂಟ ಬಿದ್ದುಹೋಯ್ತು. ಒಂಬತ್ತು ವರ್ಷ ಹೇಗೆ ಮಾಡಿದ್ರಿ ಅತ್ತಿಗೆ?"

ಹೆಂಡತಿ ಅವಳ ಭುಜ ಮುಟ್ಟಿದಳು. "ಏಳು, ಮನೆಗೆ ಹೋಗಿ ಮಲಗು" ಅಂದಳು.

ಈ ಸಲ ಯಾರೂ ಬೇಗ ಆಸೆ ಪಡಲಿಲ್ಲ. ಒಂದೂವರೆ ವರ್ಷಕ್ಕೆ ಬಲಗೈಯ ನಡುಕ ತಗ್ಗಿತು. ಲೋಟದ ನೀರನ್ನು ಚೆಲ್ಲದೆ ಕುಡಿಯುತ್ತಾನೆ. ನಡಿಗೆ ಮಾತ್ರ ಸುಧಾರಿಸಲಿಲ್ಲ, ಸ್ನಾನಕ್ಕೆ ಇನ್ನೂ ಜೊತೆ ಬೇಕು. ಭಾನುವಾರ ನಾದಿನಿ ಬರುತ್ತಾಳೆ. ಅಂದು ಹೆಂಡತಿ ಬೆಳಿಗ್ಗೆ ಒಂಬತ್ತು ಗಂಟೆಯಾದರೂ ಏಳುವುದಿಲ್ಲ, ಯಾರೂ ಎಬ್ಬಿಸುವುದೂ ಇಲ್ಲ.