ಅತ್ತಿಗೆ ಕೋಣೆ ಬಿಟ್ಟುಕೊಟ್ಟದ್ದು

ಮನೆ ಹರಾಜಿಗೆ ಹೋಗುತ್ತದೆಂದು ಬ್ಯಾಂಕಿನ ನೋಟಿಸು ಬಂದ ಮೇಲೆ ಅತ್ತಿಗೆ ನಾದಿನಿಯರ ಜಗಳವೇ ನಿಂತುಹೋಯಿತು. ಜಗಳವಾಡುವುದಕ್ಕೂ ತ್ರಾಣ ಬೇಕಲ್ಲ.

ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ನಾದಿನಿ ಕಾರು ಓಡಿಸಲು ಕಲಿಸುವವಳು. ಬಾಯಿಗೆ ಬಿಡುವೇ ಕೊಡದ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿಯ ಅಣ್ಣ ಬದುಕಿದ್ದಾಗ ತಂಗಿಯನ್ನೂ ಜೊತೆಗೆ ಸೇರಿಸಿಕೊಂಡು ಸಾಲ ಮಾಡಿ ಈ ಮಹಡಿ ಮನೆ ಕೊಂಡಿದ್ದ. ಅವನು ತೀರಿಹೋದ ಮೇಲೂ ಹೆಂಗಸರಿಬ್ಬರು ಹೇಗೋ ಕಂತು ತುಂಬುತ್ತಿದ್ದರು. ಅಷ್ಟರಲ್ಲಿ ಕಲಿಯಲು ಬಂದವನೊಬ್ಬ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು ಕಾರನ್ನು ಗೋಡೆಗೆ ಗುದ್ದಿಸಿದ. ಗುಬ್ಬಿಯ ಕಾಲು ಮುರಿಯಿತು. ಮೂಳೆ ಕೂಡಿಕೊಳ್ಳುವ ಹೊತ್ತಿಗೆ ಬಾಕಿ ಬೆಟ್ಟದಷ್ಟಾಗಿತ್ತು.

"ಮಾರಿಬಿಡೋಣ ಅತ್ತಿಗೆ. ಹರಾಜಾದ್ರೆ ಕೈಗೆ ಏನೂ ಬರಲ್ಲ," ಎಂದಳು ಗುಬ್ಬಿ.

"ಮಾರಿ ಎಲ್ಲಿಗೆ ಹೋಗೋದು? ಮೊದ್ಲು ಕೇಳಿ ನೋಡೋಣ. ಕೇಳಿದ್ರೆ ಗಂಟೇನು ಹೋಗುತ್ತೆ?"

ಬ್ಯಾಂಕಿನಲ್ಲಿ ಈ ಮೇಜಿನವರು ಆ ಮೇಜು ತೋರಿಸಿದರು, ಆ ಮೇಜಿನವರು ಮೇಲಿನ ಮಹಡಿ ತೋರಿಸಿದರು. ಲಿಫ್ಟ್ ಕೆಟ್ಟಿತ್ತು. ಗುಬ್ಬಿ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು; ಅತ್ತಿಗೆ ಇಬ್ಬರ ಚೀಲವನ್ನೂ ಹೊತ್ತು ಹಿಂದೆ ಬಂದಳು. ಸಾಲದ ಅಧಿಕಾರಿಗೆ ನೆಗಡಿ. ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಕೇಳಿದ:

"ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಬಂದ್ರೆ ಇನ್ನೂ ಬೇಗ ಕಿತ್ಕೋತೀರಿ ಅಂತ ಹೆದರಿದ್ವಿ," ಎಂದಳು ಅತ್ತಿಗೆ.

ಆತ ತಲೆ ಎತ್ತಿದ. "ನಮಗೆ ಮನೆ ಬೇಡಮ್ಮ, ಕಂತು ಬೇಕು. ಆರು ತಿಂಗಳು ಬರೀ ಬಡ್ಡಿ ಕಟ್ಟಿ. ಬಾಕಿನ ಸಾಲಕ್ಕೇ ಸೇರಿಸಿ ಅವಧಿ ಹೆಚ್ಚಿಸ್ಬಹುದು, ಕಂತು ಇಳಿಯುತ್ತೆ. ಆದ್ರೆ ಅದಕ್ಕೂ ಈಗಿನ ನಿಮ್ಮ ಆದಾಯ ಸಾಲಲ್ಲ. ಬೇರೆ ಏನಾದ್ರೂ ದಾರಿ ಇದ್ಯಾ?"

ಅತ್ತಿಗೆಯೇ ಹೇಳಿದಳು: "ಮೇಲಿನ ಕೋಣೆ ಬಾಡಿಗೆಗೆ ಕೊಡ್ತೀವಿ."

ಗುಬ್ಬಿ ಗಕ್ಕನೆ ತಿರುಗಿದಳು. ಅದು ಅಣ್ಣ ಅತ್ತಿಗೆಯರ ಕೋಣೆ. ಅವನ ಅಂಗಿಗಳು ಇನ್ನೂ ಗೂಟದಲ್ಲೇ ಇದ್ದವು.

"ನನ್ನ ಕೋಣೆ ಕೊಡೋಣ ಅತ್ತಿಗೆ."

"ಆ ಕಾಲಿಟ್ಕೊಂಡು ದಿನಾ ಮಹಡಿ ಹತ್ತುತೀಯಾ? ಸುಮ್ನಿರು." ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಹಾಗಾದ್ರೆ ಸಾಲ ತೀರೋದು ಯಾವಾಗ?" ಎಂದಳು.

ಆತ ಲೆಕ್ಕ ಹಾಕಿದ. "ನಿಮಗೆ ಎಪ್ಪತ್ತು ದಾಟಿರುತ್ತೆ."

"ಅಷ್ಟರೊಳಗೆ ಸತ್ತೋದ್ರೆ?"

"ಇವ್ರು ಕಟ್ತಾರೆ."

"ಅಯ್ಯೋ, ನೀವು ಸಾಯೋ ಹಾಗೇ ಇಲ್ಲ ಅತ್ತಿಗೆ!" ಎಂದಳು ಗುಬ್ಬಿ. ಅಧಿಕಾರಿಗೆ ನಗು ಬಂತು, ಅದರ ಬೆನ್ನಿಗೇ ಸೀನೂ ಬಂತು.

ಮಂಜೂರಾತಿಗೆ ಮತ್ತೆ ಮತ್ತೆ ಅಲೆಯಬೇಕಾಯಿತು. ಅಂತೂ ಹರಾಜು ನಿಂತಿತು. ಆಸ್ಪತ್ರೆಯ ನರ್ಸ್ ಒಬ್ಬಳು ಬಾಡಿಗೆಗೆ ಒಪ್ಪಿದಳು. ಅತ್ತಿಗೆ ಗಂಡನ ಅಂಗಿಗಳನ್ನು ಕೊನೆಯ ಸಲ ಇಸ್ತ್ರಿ ಮಾಡಿ, ಮಡಿಸಿ, ಲಾಂಡ್ರಿಯಲ್ಲಿ ಜೊತೆಗೆ ದುಡಿಯುವವರಿಗೆ ಹಂಚಿದಳು. ಜೋಡಿ ಮಂಚ ಕೆಳಗಿನ ಕೋಣೆಯಲ್ಲಿ ಹಿಡಿಯಲಿಲ್ಲ. ಅದನ್ನು ಮಾರಿ ಒಂಟಿ ಮಂಚ ತಂದು ಗುಬ್ಬಿಯ ಮಂಚದ ಪಕ್ಕಕ್ಕೆ ಹಾಕಿದರು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ ಉಳಿಯಿತು.

ನರ್ಸ್ ಬಂದ ಮಧ್ಯಾಹ್ನ ಅತ್ತಿಗೆ ಹೊಸ ಮಂಚದ ಮೇಲೆ ಕುಳಿತಳು. ಮೇಲಿಂದ ಯಾರದೋ ಹೆಜ್ಜೆಯ ಸದ್ದು, ಪೆಟ್ಟಿಗೆ ಎಳೆಯುವ ಸದ್ದು ಕೇಳಿತು.

"ಬೇಜಾರಾಯ್ತಾ?" ಗುಬ್ಬಿ ಕೇಳಿದಳು.

"ಬೇಜಾರಾಗಕ್ಕೂ ಒಂದಿಷ್ಟು ನಿದ್ದೆ ಆಗ್ಬೇಕು ಕಣೇ," ಎಂದು ಅತ್ತಿಗೆ ಅಡ್ಡಾಗಿ ಗೋಡೆಯ ಕಡೆ ಹೊರಳಿದಳು. ಚಪ್ಪಲಿ ಕೂಡ ಕಳಚಿರಲಿಲ್ಲ.