ನಡೆಯುವ ಮನೆಯೊಳಗೆ

ನನ್ನ ಅತ್ತೆ ಕ್ಲೊರಿಂದಾ ಅವತ್ತು ಮನೆಯೊಳಗೆ ಅಡಗಿ ಕೂತದ್ದು ನನ್ನ ಮೇಲಿನ ಸಿಟ್ಟಿಗಲ್ಲ, ನನ್ನ ಅಮ್ಮನ ಮೇಲಿನ ಸಿಟ್ಟಿಗೆ. ನಮ್ಮ ಮನೆ ಇದ್ದ ದಿಣ್ಣೆಯನ್ನು ಸಮುದ್ರ ವರ್ಷ ವರ್ಷವೂ ಕೊರೆಯುತ್ತ ಬಂದು, ಕೊನೆಗೆ ಕೋಳಿಗೂಡನ್ನೂ ನುಂಗಿತ್ತು. ಮುಂದಿನ ಚಳಿಗಾಲಕ್ಕೆ ಅಡುಗೆಮನೆಯ ಸರದಿ. ಮನೆಯನ್ನೇ ಎಳೆದುಕೊಂಡು ಹೋಗೋಣ ಎಂದ ನನ್ನ ಗಂಡ ಎಲಿಸೆಯೊ. ನಮ್ಮ ಚಿಲೊಯೆ ದ್ವೀಪಗಳಲ್ಲಿ ಇದೇನೂ ದೊಡ್ಡ ಮಾತಲ್ಲ. ಮರದ ಮನೆ, ಅಡಿಗೆ ದಿಮ್ಮಿ, ಮುಂದೆ ಎತ್ತು, ಸುತ್ತ ಊರಿನವರ ಕೈ. ಎಳೆದವರಿಗೆ ಹೊಟ್ಟೆ ಬಿರಿಯುವಷ್ಟು ಊಟ, ಸೇಬಿನ ಹೆಂಡ. ಆದರೆ ಸಿಕ್ಕಿದ ಹೊಸ ಜಾಗ ನನ್ನ ಅಮ್ಮನ ಬೇಲಿಗೆ ಅಂಟಿಕೊಂಡೇ ಇತ್ತು.

“ದಿನಾ ಬೆಳಗಾದ್ರೆ ಆ ಹೆಂಗಸಿನ ಮುಖ ನೋಡ್ಬೇಕಾ ನಾನು? ಅದಕ್ಕಿಂತ ಸಮುದ್ರಾನೇ ವಾಸಿ” ಎಂದಿದ್ದರು ಅತ್ತೆ.

ಆ ಸಿಟ್ಟಿಗೂ ಕಾರಣವಿತ್ತು. ಅತ್ತೆ ದ್ವೀಪದ ಸೂಲಗಿತ್ತಿ. ಅರ್ಧ ಊರನ್ನು ಹೊರಗೆ ತಂದದ್ದು ಆ ಕೈಗಳೇ. ಆರು ವರ್ಷದ ಹಿಂದೆ ನನ್ನ ಅಕ್ಕ ನೆಲ್ದಾಳ ಚೊಚ್ಚಲು ಮಗು ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡು ಬಂದಿತು, ಅಳಲೇ ಇಲ್ಲ. ಹೂತು ಬಂದ ಮೇಲೆ ನನ್ನ ಅಮ್ಮ ಇಗರ್ಜಿಯ ಬಾಗಿಲಲ್ಲಿ ಹತ್ತು ಜನರೆದುರು, “ಇವಳ ಕೈಯೇ ನನ್ನ ಮೊಮ್ಮಗನ್ನ ತಿಂತು” ಎಂದುಬಿಟ್ಟಳು. ಆಗ ನಾನು ನನ್ನ ಮೊದಲ ಮಗಳು ಮಿರ್ತಾಳನ್ನು ಹೊಟ್ಟೆಯಲ್ಲಿ ಹೊತ್ತಿದ್ದೆ. ನಾನೂ ಸುಮ್ಮನಿರಲಿಲ್ಲ. “ಆ ಕೈ ನನ್ನ ಮೈ ಮುಟ್ಟೋದು ಬೇಡ” ಎಂದು ದೋಣಿ ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋದೆ. ಮೂವತ್ತು ಗಂಟೆ ನರಳಿ ಹೆತ್ತೆ. ಅತ್ತೆ ಅಂದಿನಿಂದ ತಮ್ಮ ಹೆರಿಗೆಯ ಚೀಲವನ್ನು ಮೊಳೆಗೆ ನೇತುಹಾಕಿದವರು ಮತ್ತೆ ಇಳಿಸಲಿಲ್ಲ.

ಈಗ ಎರಡನೆಯ ಹೆರಿಗೆಗೂ ಅದೇ ಏರ್ಪಾಡು. ಸೋಮವಾರ ದೋಣಿ ಬರುವುದಿತ್ತು. ಮನೆ ಎಳೆಯುವುದು ಶನಿವಾರ.

ಶನಿವಾರ ಬೆಳಿಗ್ಗೆ ಎಂಟು ಜೋಡಿ ಎತ್ತು, ಐವತ್ತು ಜನ, ಒಂದು ಅಕಾರ್ಡಿಯನ್. ಚೌಕಟ್ಟು ತಿರುಚಿಕೊಳ್ಳದಿರಲಿ ಎಂದು ಕಿಟಕಿಗಳಿಗೆಲ್ಲ ಹಿಂದಿನ ದಿನವೇ ಅಡ್ಡ ಹಲಗೆ ಹೊಡೆದಾಗಿತ್ತು. ಬಾಗಿಲೊಂದು ಬಾಕಿ. ಮಾಡಿನ ಮೇಲೆ ಬಾವುಟ ಏರಿತ್ತು. ನಾನು ಆಲೂಗಡ್ಡೆ ಹೆರೆಯುತ್ತ ಕೂತವಳು ಅತ್ತೆ ಎಲ್ಲೂ ಕಾಣುತ್ತಿಲ್ಲವಲ್ಲ ಎಂದುಕೊಂಡೆ. ಮನೆಯೊಳಗೇ ಕೂತಿದ್ದಾರೆ ಎಂದು ನನಗೆ ಗೊತ್ತಾಗಿಹೋಯಿತು. ಎಲಿಸೆಯೊಗೆ ಹೇಳಿದ್ದರೆ ಜನರೆದುರು ತಾಯಿ ಮಗನ ರಾದ್ಧಾಂತವಾಗುತ್ತಿತ್ತು. ಮೆಲ್ಲಗೆ ಕರೆದು ತರೋಣ ಎಂದು, ಯಾರಿಗೂ ಹೇಳದೆ, ದೊಡ್ಡ ಹೊಟ್ಟೆ ಹೊತ್ತುಕೊಂಡು ಒಳಗೆ ಹೋದೆ. ಬುದ್ಧಿವಂತೆ ನಾನು!

ಒಳಕೋಣೆಯಲ್ಲಿ, ಗೋಡೆಗೆ ಬಿಗಿದ ಮಂಚದ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ಆ ಹಳೆಯ ಚೀಲ.

“ಏಳಿ ಅತ್ತೆ, ಬಾಗಿಲಿಗೆ ಮೊಳೆ ಹೊಡೀತಾರೆ.”

“ಹೊಡೀಲಿ. ಮನೆ ನೆಟ್ಟಗೆ ಹೋಗಿ ನಿಮ್ಮಮ್ಮನ ಅಂಗಳದಲ್ಲಿ ಬೀಳ್ಲಿ, ನಾನು ಹೆಣವಾಗಿ ಇಳೀತೀನಿ. ನನ್ನ ಸಾವಿಗೆ ಬಂದವರಿಗೆ ಅವಳೇ ಕಾಫಿ ಕಾಯಿಸ್ಲಿ.”

“ಹಟ ಮಾಡೋ ವಯಸ್ಸಾ ಇದು? ಐವತ್ತು ಜನಕ್ಕೆ ಅಡುಗೆ ಬಿಟ್ಟು ಬಂದಿದೀನಿ.”

“ಬಾ ಅಂತ ನಾನು ಕರೆದ್ನಾ?”

ಅಷ್ಟರಲ್ಲಿ ಎಳೆಸುವ ಯಜಮಾನ ಬೌದಿಲಿಯೊ ಬಾಗಿಲು ಬಡಿದ. ಮೂರು ಸಲ ಬಡಿದು ಕೇಳುವುದು ನಮ್ಮಲ್ಲಿ ಕ್ರಮ. “ಒಳಗೆ ಯಾರಾದ್ರೂ ಇದ್ದೀರೇನ್ರೋ?” ಇದ್ದೀವಿ ಎನ್ನಲು ಬಾಯಿ ತೆರೆದೆ. ಅದೇ ಹೊತ್ತಿಗೆ ಸೊಂಟದ ಹಿಂದಿನಿಂದ ಒಂದು ನೋವು ಎದ್ದು ಹೊಟ್ಟೆಯನ್ನು ಸುತ್ತಿ ಹಿಂಡಿತು, ಉಸಿರೇ ಹೊರಡಲಿಲ್ಲ. ಎರಡನೆಯ ಸಲ ಬಡಿದ. ಅತ್ತೆ ನನ್ನ ಮುಖ ನೋಡಿದರು. ನಾನು ನೆಪ ತೆಗೆಯುತ್ತಿದ್ದೇನೆ ಎಂದುಕೊಂಡರೋ ಏನೋ, ತುಟಿ ಪಿಟಕ್ಕೆನ್ನಲಿಲ್ಲ. ಮೂರನೆಯ ಸಲ ಬಡಿದು ಅವನು, “ಹೊಡೀರೋ” ಎಂದ. ನಾಲ್ಕು ಸುತ್ತಿಗೆಗಳು ಒಟ್ಟಿಗೆ ಶುರುವಾದವು. ನನಗೆ ಉಸಿರು ಬಂದಾಗ ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಹೊರಗೆ ಎಲಿಸೆಯೊ ನಾನು ಅಡುಗೆಯ ಗುಂಪಿನಲ್ಲಿದ್ದೇನೆ ಎಂದುಕೊಂಡಿದ್ದ. ಅಡುಗೆಯವರು ನಾನು ಮಿರ್ತಾಳ ಜೊತೆ ಅಮ್ಮನ ಮನೆಗೆ ಹೋಗಿದ್ದೇನೆ ಎಂದುಕೊಂಡಿದ್ದರು. ಇದೆಲ್ಲ ಆಮೇಲೆ ಗೊತ್ತಾದದ್ದು.

“ಹೈಸಾ!” ಎಂದು ಬೌದಿಲಿಯೊ ಕೂಗಿದ. ಮನೆ ನರಳಿತು. ನೆಲ ಕಾಲ ಕೆಳಗಿನಿಂದ ಸರಕ್ಕನೆ ಮುಂದಕ್ಕೆ ಹೋಯಿತು, ನಾನು ಮಂಚದ ಮೇಲೆ ಬಿದ್ದೆ, ನನ್ನ ಹೊಟ್ಟೆಯ ನೀರುಚೀಲ ಒಡೆಯಿತು. ಬೆಚ್ಚನೆಯ ನೀರು ಕಾಲಿನುದ್ದಕ್ಕೂ ಇಳಿದು ಹಲಗೆಯ ಸಂದಿಗೆ ಹೋಯಿತು.

ಅತ್ತೆ ಅದನ್ನು ನೋಡಿ ಬಿಳಚಿಕೊಂಡರು. “ಯಾವಾಗಿಂದ ಕಣೇ?”

“ಈಗಿಂದ. ಏನಾಗಲ್ಲ ಬಿಡಿ, ಮಿರ್ತಾ ಮೂವತ್ತು ಗಂಟೆ ತಗೊಂಡ್ಲು.”

“ಚೊಚ್ಚಲು ದಾರಿ ಮಾಡುತ್ತೆ ಪೆದ್ದಿ. ಎರಡನೇದು ಆ ದಾರೀಲಿ ಓಡಿಬರುತ್ತೆ.”

ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ನೋವು. ಅದು ಇಳಿಯುವ ಮೊದಲೇ ಮತ್ತೊಂದು. ನನಗೆ ಜೀವ ಬಾಯಿಗೆ ಬಂತು. ಇಬ್ಬರೂ ಬಾಗಿಲಿಗೆ ಹೋಗಿ ಗುದ್ದಿದೆವು, ಒದ್ದೆವು, ಗಂಟಲು ಹರಿಯುವಂತೆ ಕೂಗಿದೆವು. ಹೊರಗೆ ಸರಪಳಿಯ ಸದ್ದು, ದಿಮ್ಮಿಯ ಕಿರುಗುಟ್ಟು, ಎತ್ತುಗಳ ಹೆಸರು ಹಿಡಿದು ಬೈಗುಳ, ಇದರ ಮೇಲೆ ಆ ಹಾಳು ಅಕಾರ್ಡಿಯನ್. ಸ್ವಂತ ಮನೆಯ ಗೋಡೆ ಅಷ್ಟು ದಪ್ಪವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಲಗೆಯ ಸಂದಿಯಿಂದ ಒಂದು ಬೆರಳಗಲ ಬೆಳಕು ಬರುತ್ತಿತ್ತು. ಅದರಲ್ಲಿ ಎಲಿಸೆಯೊನ ಬೆನ್ನು ಕಂಡಿತು, ಹತ್ತು ಮಾರು ದೂರ. “ಎಲಿಸೆಯೊ!” ಎಂದು ಕಿರುಚಿದೆ. ಅವನು ಎತ್ತಿನ ಬಾಲ ತಿರುವಿದ.

ಅತ್ತೆಗೆ ಒಂದು ಉಪಾಯ ಹೊಳೆಯಿತು. ಒಲೆ ಸಾಗಿಸಿದ್ದರು, ಹೊಗೆ ಕೊಳವೆಯ ತೂತು ಮಾಡಿನಲ್ಲಿ ಹಾಗೇ ಇತ್ತು. ತಮ್ಮ ಕೆಂಪು ಒಳಲಂಗ ಬಿಚ್ಚಿ ಪೊರಕೆ ಕೋಲಿಗೆ ಕಟ್ಟಿ, ಅಡುಗೆಮನೆಯ ಕಟ್ಟೆ ಹತ್ತಿ, ತೂತಿನಿಂದ ಹೊರಗೆ ಚಾಚಿ ಅಲ್ಲಾಡಿಸಿದರು. ಹೊರಗೆ ಒಂದು ಕ್ಷಣ ಸದ್ದಡಗಿತು. ಆಮೇಲೆ ಐವತ್ತು ಜನ ಒಟ್ಟಿಗೆ ಹೋ ಎಂದು ಕೇಕೆ ಹಾಕಿದರು.

“ಗಾಳಿಗೆ ಯಾರದೋ ಲಂಗ ಏರಿದೆ ನೋಡ್ರೋ! ಎರಡನೇ ಬಾವುಟ!” ಬೌದಿಲಿಯೊನ ದನಿ. “ಶುಭವಾಯ್ತು, ಎಳೀರೋ!”

ಇನ್ನೂ ಜೋರಾಗಿ ಎಳೆದರು. ಅತ್ತೆ ಕಟ್ಟೆಯಿಂದ ಬಿದ್ದು ಮೊಣಕಾಲು ತರಚಿಕೊಂಡರು. ನನಗೆ ಅಳುವಿನ ನಡುವೆ ನಗು ಬಂತು, ನಗುವಿನ ನಡುವೆ ಮಗುವನ್ನು ಕೆಳಕ್ಕೆ ತಳ್ಳಿ ಮುಕ್ಕಬೇಕು ಎನಿಸಿತು. ಅದು ಎನಿಸುವುದಲ್ಲ, ಮೈಯೇ ಮುಕ್ಕುತ್ತದೆ, ನಮ್ಮನ್ನು ಕೇಳುವುದಿಲ್ಲ.

ಅಷ್ಟರಲ್ಲಿ ಮನೆಯ ಮುಂಭಾಗ ಕೆಳಕ್ಕೆ ವಾಲಿತು. ದಿಣ್ಣೆಯ ಇಳಿಜಾರು ಶುರುವಾಗಿತ್ತು. ನಮ್ಮೂರಿನ ಯಾವ ಹೆಂಗಸಿಗೂ ಇದು ಗೊತ್ತು: ಇಳಿಜಾರಿನಲ್ಲಿ ಎತ್ತು ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿಗಿಂತ ಹೆಚ್ಚು ಮನೆ ನಿಲ್ಲಿಸುವಂತಿಲ್ಲ. ಹಿಂದಿನಿಂದ ಹಗ್ಗ ಬಿಗಿಹಿಡಿದವರು ಕೈ ಸಡಿಲಿಸಿದರೆ ಮನೆ ಎತ್ತುಗಳ ಮೇಲೆ ಹೋಗುತ್ತದೆ, ಎತ್ತುಗಳ ಪಕ್ಕದಲ್ಲಿ ಎಲಿಸೆಯೊ ಇದ್ದಾನೆ. ಈಗ ನಮ್ಮ ಕೂಗು ಕೇಳಿದರೂ ಹಗ್ಗ ಬಿಟ್ಟು ಬಾಗಿಲಿಗೆ ಬರಲಾರರು.

ನಾನು ನೆಲದ ಮೇಲೆ ಮಂಡಿಯೂರಿ ಮಂಚದ ಕಾಲು ತಬ್ಬಿದೆ. ಅತ್ತೆ ಗೋಡೆಗೆ ಒರಗಿ ನಿಂತೇ ಇದ್ದರು. ಚೀಲ ಕೈಯಲ್ಲೇ ಇತ್ತು.

“ಅತ್ತೆ, ಬನ್ನಿ.”

“ಬಾಗಿಲು ತೆಗೀತಾರೆ. ಸ್ವಲ್ಪ ತಡ್ಕೋ.”

“ತಡ್ಕೊಳ್ಳೋಕೆ ಆಗಲ್ಲ. ಬನ್ನಿ!”

“ಬೇರೆ ಯಾರಾದ್ರೂ ಬರ್ತಾರೆ ಕಣೇ. ನೀನೇ ಹೇಳಿದ್ದೆಯಲ್ಲ, ಈ ಕೈ…” ಅವರ ಕೈ ಗಡಗಡ ನಡುಗುತ್ತಿತ್ತು. ಆರು ವರ್ಷದಿಂದ ನೆಲ್ದಾಳ ಮಗುವನ್ನು ಆ ಕೈ ಕೆಳಗಿಟ್ಟೇ ಇರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅಯ್ಯೋ ಅನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಬಾಗಿಲು ಬಡಿದಾಗ ಬಾಯಿ ಬಿಗಿದು ಕೂರೋಕೆ ಧೈರ್ಯ ಇತ್ತಲ್ಲ ನಿಮಗೆ? ಈಗ ಎಲ್ಲಿ ಹೋಯ್ತು ಅದು? ಹೇಳಿದ್ದೆ, ಹೌದು, ಹೇಳಬಾರದಿತ್ತು. ಈಗ ಈ ಮನೇಲಿ ಇರೋದು ನಿಮ್ಮ ಕೈ ಎರಡೇ. ನನ್ನ ಮಗು ನೆಲಕ್ಕೆ ಬಿದ್ರೆ ನಿಮ್ಮನ್ನ ಸತ್ತರೂ ಬಿಡಲ್ಲ!”

ಅತ್ತೆ ಬಂದು ನನ್ನ ಹಿಂದೆ ಕೂತರು. ಚೀಲ ಬಿಚ್ಚಿದ ಸದ್ದು ಕೇಳಿತು.

“ಕೇಳ್ಕೋ. ಅವನು ಹೈಸಾ ಅಂದಾಗ ಮುಕ್ಕಬೇಡ, ಉಸಿರು ಊದಿ ಬಿಡ್ತಾ ಇರು. ಮನೆ ಜರ್ಕು ಹೊಡೆಯುವಾಗ ತಲೆ ಬಂದ್ರೆ ಕೆಟ್ಟೆವು. ಎತ್ತು ನಿಂತು ಉಸಿರು ತಗೊಂಡಾಗ ಮುಕ್ಕು.”

ಹಾಗೆ ಮಾಡಿದೆವು. ಹೊರಗೆ ಬೌದಿಲಿಯೊ “ಹೈಸಾ” ಎನ್ನುತ್ತಿದ್ದ, ಒಳಗೆ ಅತ್ತೆ “ಊದು, ಊದು, ಊದು” ಎನ್ನುತ್ತಿದ್ದರು. ಮೈ ಸೀಳಿಹೋಗುತ್ತಿದ್ದರೂ ನಾನು ಊದುತ್ತಿದ್ದೆ. ಆ ಬೌದಿಲಿಯೊನಿಗೆ ಅವತ್ತು ಕೊಟ್ಟ ಶಾಪಗಳು ತಟ್ಟಿದ್ದರೆ ಅವನ ಏಳು ತಲೆಮಾರು ಉಳಿಯುತ್ತಿರಲಿಲ್ಲ. ಮೂರು ಎಳೆತದ ನಡುವಿನ ಮೂರು ಬಿಡುವಿನಲ್ಲಿ ತಲೆ ಹೊರಗೆ ಬಂತು.

“ನಿಲ್ಲು,” ಎಂದರು ಅತ್ತೆ. ದನಿ ಬದಲಾಗಿತ್ತು. “ಒಂಚೂರೂ ಮುಕ್ಕಬೇಡ.”

“ಬಳ್ಳಿ?”

ಅವರ ಬೆರಳು ಮಗುವಿನ ಕುತ್ತಿಗೆಯ ಸುತ್ತ ತಡಕಿತು. ಅಂದರೆ ಬಳ್ಳಿಯೇ. ಮನೆ ಮತ್ತೆ ಜರ್ಕು ಹೊಡೆಯಿತು. ನನ್ನ ಹಲ್ಲು ಮಂಚದ ಕಾಲಿಗೆ ನಾಟಿತ್ತು. ಬೇಡ ದೇವರೇ, ಬೇಡ, ನೆಲ್ದಾಳ ಹಾಗೆ ಖಾಲಿ ಮಡಿಲಿನಲ್ಲಿ ನಾನು ಹೊರಗೆ ಹೋಗಲಾರೆ ಎಂದು ಒಳಗೇ ಕೂಗುತ್ತಿದ್ದೆ. ಅವರ ಬೆರಳು ನನ್ನೊಳಗೆ ಮೆಲ್ಲಗೆ ಆಡುತ್ತಿತ್ತು. ನಡುಗುತ್ತಿರಲಿಲ್ಲ.

“ಒಂದು ಸುತ್ತು ಬಂತು,” ಎಂದರು. ಎತ್ತುಗಳು ನಿಂತವು. “ಇನ್ನೊಂದು ಇದೆ. ತಡಿ. ತಡಿ ನನ್ನವ್ವ… ಬಂತು. ಈಗ ಮುಕ್ಕು!”

ಮುಕ್ಕಿದೆ. ಹೊಟ್ಟೆ ಒಮ್ಮೆಗೇ ಬರಿದಾಯಿತು. ಮನೆ ಸಮತಟ್ಟಾಗಿ ನಿಂತಿತ್ತು, ಮರಳದಂಡೆ ತಲುಪಿದ್ದೆವು. ಎತ್ತು ಬದಲಿಸಲು ನೊಗ ಕಳಚುತ್ತಿದ್ದರು, ಅಕಾರ್ಡಿಯನಿನವನು ಹೆಂಡಕ್ಕೆ ಹೋಗಿದ್ದ. ಎಲ್ಲೂ ಸದ್ದಿಲ್ಲ. ನನ್ನ ಹಿಂದೆಯೂ ಸದ್ದಿಲ್ಲ.

ತಿರುಗಿ ನೋಡಿದೆ. ಮಗು ನೀಲಿಯಾಗಿತ್ತು. ಅತ್ತೆ ಅದನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನು ತಿಕ್ಕುತ್ತಿದ್ದರು, ಬಾಯಿಂದ ಲೋಳೆ ಎಳೆದು ಉಗಿದರು, ಮೂಗಿಗೆ ಉಸಿರು ಊದಿದರು, ಮತ್ತೆ ತಿಕ್ಕಿದರು. “ಅಳು,” ಎಂದರು ಅದಕ್ಕೆ. “ಅಳು ನನ್ನಪ್ಪ. ನನಗೆ ಇನ್ನೊಂದು ಸಲ ಹಾಗೆ ಮಾಡ್ಬೇಡ.”

ಅತ್ತಿತು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಮಾಡು ಹಾರಿಹೋಗುವ ಹಾಗೆ.

ಹೊರಗೆ ಬೌದಿಲಿಯೊ, “ಮನೆ ಅಳ್ತಾ ಇದೆಯಲ್ರೋ!” ಎಂದ. ಗೋಡೆಯ ಹತ್ತಿರ ಬಂದು, “ಯಾರಿದ್ದೀರಿ ಒಳಗೆ?”

“ನೀನು ಮೊಳೆ ಹೊಡೆದಾಗ ಇಬ್ಬರಿದ್ವಿ, ಕುರುಡಾ! ಈಗ ಮೂವರು!” ಎಂದು ಅತ್ತೆ ಕೂಗಿದರು.

ಬಾಗಿಲು ಕಿತ್ತು ಎಲಿಸೆಯೊ ಒಳಗೆ ಬಂದವನು ಮಂಡಿಯ ಮೇಲೆ ಕುಸಿದು ಮಗುವಿಗಿಂತ ಜೋರಾಗಿ ಅತ್ತ. ನನ್ನನ್ನು ಎತ್ತಿಕೊಳ್ಳಲು ಕೈ ಹಾಕಿದ್ದಕ್ಕೆ ಅತ್ತೆ ಅವನ ಕೈಗೆ ಹೊಡೆದರು. ಮಾಸು ಇನ್ನೂ ಬಿದ್ದಿರಲಿಲ್ಲ, ರಕ್ತ ಹೋಗುತ್ತಿತ್ತು, ಅಲುಗಿಸುವಂತಿಲ್ಲ. ಆದರೆ ಸಮುದ್ರದ ಉಬ್ಬರದ ನೀರು ಆಗಲೇ ದಿಮ್ಮಿಗಳನ್ನು ಮುಟ್ಟುತ್ತಿತ್ತು.

“ಎಳೀರಿ,” ಎಂದರು ಅತ್ತೆ. “ತುಂಬಿದ ಹಾಲಿನ ಬಿಂದಿಗೆ ಹೊತ್ತ ಹಾಗೆ ಎಳೀರಿ. ಯಾವನಾದ್ರೂ ಹೈಸಾ ಅಂದ್ರೆ ನಾಲಿಗೆ ಕಿತ್ತೇನು.”

ಉಳಿದ ದಾರಿಯನ್ನು ಐವತ್ತು ಜನ ಒಂದು ಮಾತಿಲ್ಲದೆ ಎಳೆದರು. ನಾನು ನೆಲದ ಮೇಲೆ ಮಲಗಿ ಎತ್ತುಗಳ ಉಸಿರನ್ನೂ ಮರಳಿನ ಸದ್ದನ್ನೂ ಕೇಳುತ್ತಿದ್ದೆ. ಮಾಸು ದಾರಿಯಲ್ಲೇ ಬಿತ್ತು, ರಕ್ತ ನಿಂತಿತು.

ಹೊಸ ಜಾಗದಲ್ಲಿ ಮೊದಲು ಒಳಗೆ ಬಂದವಳು ನನ್ನ ಅಮ್ಮ. ಆರು ವರ್ಷದಿಂದ ಅತ್ತೆಯ ಮುಖ ನೋಡದವಳು ಮಗುವಿನತ್ತ ಕೈ ಚಾಚಿದಳು.

“ಮೊದ್ಲು ಕೈ ತೊಳ್ಕೊಂಡು ಬಾ,” ಎಂದರು ಅತ್ತೆ.

ಅಮ್ಮ ಹೋಗಿ ಬೋಗುಣಿಯಲ್ಲಿ ನೀರು ತಂದಳು. ಅತ್ತೆಯೆದುರು ಇಟ್ಟಳು. ತನ್ನ ಕೈ ಅದ್ದಲಿಲ್ಲ. ರಕ್ತ ಒಣಗಿ ಬಿಗಿದಿದ್ದ ಅತ್ತೆಯ ಕೈಗಳನ್ನು ಒಂದೊಂದಾಗಿ ಹಿಡಿದು ನೀರಿಗೆ ಹಾಕಿ, ಬೆರಳು ಬೆರಳನ್ನೂ ಉಜ್ಜಿ ತೊಳೆಯತೊಡಗಿದಳು. ಇಬ್ಬರೂ ಮುಖ ಎತ್ತಲಿಲ್ಲ. ಅಮ್ಮನ ಕಣ್ಣೀರು ಬೋಗುಣಿಗೆ ಬೀಳುತ್ತಿತ್ತು.

ಕೊನೆಯ ಬೆರಳಿಗೆ ಬಂದಾಗ ಅತ್ತೆ, “ನೀರು ತಣ್ಣಗಿದೆ,” ಎಂದರು.

“ಬಿಸಿ ಮಾಡಿ ತರ್ತೀನಿ,” ಎಂದು ಅಮ್ಮ ಎದ್ದಳು. “ನಮ್ಮನೆ ಒಲೆ ಇಲ್ಲೇ ಬೇಲಿ ಆಚೆಗೆ ತಾನೆ ಇರೋದು.”